ಗ್ಯಾಸ್ ಗೀಸರ್ ಮೆಕ್ಯಾನಿಕ್ ಆಗುವವರಿಗೆ, ಆಗಿಸುವವರಿಗೆ 11 ಸೂತ್ರಗಳು

ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಹೊಸಪೇಟೆಯಲ್ಲೂ ಡಿಸೆಂಬರ್-ಜನವರಿಯ ನಸುಕಿನಲ್ಲಿ ಬಿಸಿನೀರಿಲ್ಲದೆ ಬಚ್ಚಲಿಗೆ ಕಾಲಿಡುವವರು ಕಡಿಮೆ. ತೋರಣಗಲ್ಲಿನ ಕಾರ್ಖಾನೆಯ ಮೊದಲ ಪಾಳಿಗೆ ಹೊರಟವರಿಗೆ ಬೇಕು, ಕಮಲಾಪುರ-ಕಡ್ಡಿರಾಂಪುರದ ಹೋಂಸ್ಟೇಗಳಲ್ಲಿ ಹಂಪಿ ನೋಡಲು ಬಂದು ಇಳಿದವರಿಗೆ ಬೇಕು, ಸಂಡೂರಿನ ಗುಡ್ಡದ ತಂಪಿನಲ್ಲಿ ಏಳುವವರಿಗೆ ಇನ್ನೂ ಬೇಕು. ಹೀಗೆ ಹಂಡೆ ಒಲೆ ಇದ್ದ ಜಾಗಕ್ಕೆ ಗ್ಯಾಸ್ ಗೀಸರ್ ಬಂತು. 2016ರ ಮೇ 1ರಂದು ಉಜ್ವಲಾ ಯೋಜನೆ ಶುರುವಾದ ಮೇಲೆ ಸಿಲಿಂಡರ್ ಹಳ್ಳಿಹಳ್ಳಿಗೂ ಹೋಯಿತು. ಅದರ ಹಿಂದೆಯೇ ಹೋಗಬೇಕಾಗಿದ್ದ ರಿಪೇರಿಯವನು ಮಾತ್ರ ಎಷ್ಟೋ ಊರುಗಳಿಗೆ ಇನ್ನೂ ಹೋಗಿಲ್ಲ.

ಶಿಕಾಗೋ, ಟೊರಾಂಟೊ ಕಡೆಯ ಕನ್ನಡದ ಮನೆಗಳ ನೆಲಮಾಳಿಗೆಯಲ್ಲಿ ಗ್ಯಾಸ್ ಫರ್ನೇಸ್ ಎಂಬ ದೊಡ್ಡ ಪೆಟ್ಟಿಗೆ ಇರುತ್ತದೆ. ಚಳಿಗಾಲವಿಡೀ ಗಾಳಿ ಬಿಸಿ ಮಾಡಿ ಕೋಣೆಕೋಣೆಗೂ ಕಳಿಸುವುದು ಅದರ ಕೆಲಸ. ನಮ್ಮ ಗೀಸರ್ ನೀರು ಕಾಯಿಸುತ್ತದೆ, ಅದು ಗಾಳಿ ಕಾಯಿಸುತ್ತದೆ. ಒಳಗಿನ ಗ್ಯಾಸು, ಕಿಡಿ, ಉರಿ, ಹೊಗೆಯ ಶಾಸ್ತ್ರ ಎರಡಕ್ಕೂ ಒಂದೇ. ಟೊರಾಂಟೊದಲ್ಲಿ ಈ ಯಂತ್ರ ಮುಟ್ಟಬೇಕಾದರೆ ಲೈಸೆನ್ಸ್ ಬೇಕು, ಇಲ್ಲಿ ಒಂದು ಪಾನಾ ಇದ್ದರೆ ಸಾಕು ಎಂಬಂತಾಗಿದೆ. ಈ ಕೆಲಸ ಕಲಿಯಲು ಬರುವ ಐಟಿಐ ಹುಡುಗ ಹುಡುಗಿಯರಿಗೂ, ಅಂಗಡಿಯಲ್ಲಿ ಅವರನ್ನು ಇಟ್ಟುಕೊಂಡು ಕಲಿಸುವ ಮೇಸ್ತ್ರಿಗಳಿಗೂ ಮುಂದಿನ ಮಾತುಗಳು.

1. ಬೆಂಕಿಗಿಂತ ಮೊದಲು ಗಾಳಿ ಕಲಿಸಿ

ಮೊದಲ ವಾರ ಗೀಸರಿನ ಮುಚ್ಚಳ ತೆಗೆಯಲೇ ಬೇಡಿ. ಹುಡುಗರ ಕೈಗೆ ಟೇಪು ಕೊಟ್ಟು ಅವರವರ ಮನೆಯ ಬಚ್ಚಲು ಅಳೆದು ಬರಲು ಹೇಳಿ. 5 ಅಡಿ ಅಗಲ, 7 ಅಡಿ ಉದ್ದ, 8 ಅಡಿ ಎತ್ತರ ನಮ್ಮ ಕಡೆ ಮಾಮೂಲಿ ಅಳತೆ. ಅದರಲ್ಲಿ ಹಿಡಿಯುವ ಗಾಳಿ 280 ಘನ ಅಡಿ, ಅಂದರೆ ಹತ್ತಿರ ಹತ್ತಿರ 8 ಘನ ಮೀಟರ್. ಈಗ ಹಲಗೆಯ ಮೇಲೆ ಲೆಕ್ಕ ಮಾಡಿಸಿ. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗೀಸರ್ ಪೂರ್ತಿ ಉರಿಯಲ್ಲಿ ಗಂಟೆಗೆ ಹೆಚ್ಚುಕಡಿಮೆ 1 ಕೆಜಿ ಗ್ಯಾಸ್ ಸುಡುತ್ತದೆ. 1 ಕೆಜಿ ಎಲ್‌ಪಿಜಿ ಸರಿಯಾಗಿ ಉರಿಯಲು ಸುಮಾರು 13 ಘನ ಮೀಟರ್ ಗಾಳಿ ಬೇಕು. ಹಾಗಾದರೆ 5 ನಿಮಿಷಕ್ಕೆ 1 ಘನ ಮೀಟರಿಗೂ ಮಿಕ್ಕಿ ಬೇಕಾಯಿತು. ಚಳಿ ಎಂದು ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಬಟ್ಟೆ ತುರುಕಿದ ಬಚ್ಚಲಲ್ಲಿ ಆ ಐದೇ ನಿಮಿಷಕ್ಕೆ ಆಮ್ಲಜನಕ ಶೇ 21ರಿಂದ ಶೇ 18ರ ಆಸುಪಾಸಿಗೆ ಇಳಿಯುತ್ತದೆ. ಅಲ್ಲಿಂದ ಮುಂದೆ ಉರಿ ಅರೆಬರೆಯಾಗಿ ಕಾರ್ಬನ್ ಮೊನಾಕ್ಸೈಡ್ ಏರುತ್ತಾ ಹೋಗುತ್ತದೆ. ತಲೆಸ್ನಾನಕ್ಕೆ ನಿಂತವರು 15 ನಿಮಿಷ ಒಳಗಿರುತ್ತಾರೆ.

ಈ ಲೆಕ್ಕವನ್ನು ಹುಡುಗ ತನ್ನ ಮನೆಯ ಅಳತೆ ಹಾಕಿ ತಾನೇ ಮಾಡಿದರೆ ಅವನಿಗೆ ಬೇರೆ ಭಾಷಣ ಬೇಕಾಗುವುದಿಲ್ಲ. ಅಜ್ಜಿಯ ಕಾಲದ ಹಂಡೆ ಒಲೆಯಲ್ಲಿ ಹೊಗೆ ಇತ್ತು. ಕಣ್ಣು ಉರಿದು ಕೆಮ್ಮು ಬಂದರೆ ಜನ ತಾವಾಗಿಯೇ ಹೊರಗೆ ಓಡುತ್ತಿದ್ದರು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣೂ ಉರಿಯುವುದಿಲ್ಲ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಗಾಳಿಯಲ್ಲಿ ಅದು 1600 ಪಿಪಿಎಂ ಆದರೆ 20 ನಿಮಿಷದಲ್ಲೇ ತಲೆನೋವು, ತಲೆಸುತ್ತು, ವಾಕರಿಕೆ ಶುರು. ಸ್ನಾನ ಮಾಡುತ್ತಿರುವವರು ಹಸಿದ ಹೊಟ್ಟೆಗೆ ಹೀಗಾಯಿತು ಎಂದುಕೊಂಡು ಅಲ್ಲೇ ಕೂರುತ್ತಾರೆ. ಅವರು ಮತ್ತೆ ಏಳುವುದಿಲ್ಲ. ಪ್ರತಿ ಚಳಿಗಾಲ ರಾಜ್ಯದ ಯಾವುದಾದರೂ ಊರಿನಿಂದ ಇಂಥ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇದೆ, ಅದರಲ್ಲಿ ತಾಯಿ ಮಕ್ಕಳು ಒಟ್ಟಿಗೆ ಹೋದದ್ದೂ ಇರುತ್ತದೆ. ಕಲಿಸುವವರು ಇದನ್ನು ಮರೆಮಾಚದೆ ಹೇಳಬೇಕು.

2. ಸರಣಿ ಬಾಯಿಪಾಠವಾಗಲಿ

ಗೀಸರ್ ಕೆಟ್ಟಿದೆ ಎಂದರೆ ಏನೂ ಹೇಳಿದಂತಾಗಲಿಲ್ಲ. ಅದರೊಳಗೆ ಕೆಲಸಗಳು ಒಂದರ ಹಿಂದೆ ಒಂದು ನಡೆಯುತ್ತವೆ. ಎಲ್ಲಿಗೆ ಬಂದು ನಿಂತಿತು ಎಂದು ಹೇಳಬಲ್ಲವನು ಮೆಕ್ಯಾನಿಕ್.

ನಳ ತಿರುಗಿಸಿದಿರಿ. ನೀರು ಹರಿಯಿತು. ನೀರಿನ ಒತ್ತಡಕ್ಕೆ ರಬ್ಬರಿನ ಡಯಾಫ್ರಮ್ ಉಬ್ಬಿ ಪಿನ್ನನ್ನು ತಳ್ಳಿತು. ಪಿನ್ನು ಮೈಕ್ರೊಸ್ವಿಚ್ ಒತ್ತಿತು. ದಪ್ಪ ಸೆಲ್ಲು ಎರಡರಿಂದ 3 ವೋಲ್ಟ್ ಕಂಟ್ರೋಲ್ ಪೆಟ್ಟಿಗೆಗೆ ಹೋಯಿತು. ಟಕ್ ಟಕ್ ಟಕ್ ಎಂದು ಕಿಡಿ ಹಾರಿತು. ಸೊಲೆನಾಯ್ಡ್ ವಾಲ್ವ್ ತೆರೆದು ಗ್ಯಾಸ್ ಬಂತು. ಭುಸ್ ಎಂದು ಉರಿ ಹತ್ತಿತು. ಉರಿಯೊಳಗೆ ಚಾಚಿಕೊಂಡ ಕಡ್ಡಿ, ಅಂದರೆ ಫ್ಲೇಮ್ ಸೆನ್ಸರ್, ಉರಿ ಇದೆ ಎಂದು ಪೆಟ್ಟಿಗೆಗೆ ತಿಳಿಸಿತು. ಕಿಡಿ ನಿಂತಿತು, ಉರಿ ಉಳಿಯಿತು.

ಈಗ ರಿಪೇರಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಟಕ್ ಟಕ್ ಸದ್ದೇ ಇಲ್ಲವೇ? ಗ್ಯಾಸ್ ಕಡೆ ನೋಡಬೇಡಿ. ನೀರಿನ ಒತ್ತಡ, ಒಳಬಾಯಿಯ ಜಾಲರಿ, ಸೆಲ್ಲು, ಮೈಕ್ರೊಸ್ವಿಚ್, ಇಷ್ಟರಲ್ಲೇ ದೋಷವಿದೆ. ಸದ್ದು ಬರುತ್ತದೆ, ಉರಿ ಹತ್ತುವುದಿಲ್ಲವೇ? ಸಿಲಿಂಡರ್ ಖಾಲಿಯೋ, ಕಾಕ್ ಮುಚ್ಚಿದೆಯೋ, ಸೊಲೆನಾಯ್ಡ್ ಎಳೆಯುತ್ತಿಲ್ಲವೋ ನೋಡಿ. ಹತ್ತಿದ ಉರಿ ನಾಲ್ಕಾರು ಸೆಕೆಂಡಿಗೆ ಆರಿಹೋಗುತ್ತದೆಯೇ? ಸೆನ್ಸರ್ ಕಡ್ಡಿಗೆ ಮಸಿ ಹಿಡಿದಿರಬಹುದು, ಜಾಗ ತಪ್ಪಿರಬಹುದು. ಸಣ್ಣ ಸ್ಟೀಲ್ ಉಣ್ಣೆಯಲ್ಲಿ ಮೆಲ್ಲಗೆ ಉಜ್ಜಿ ನೋಡಿ. ಹತ್ತುವಾಗ ಢಬ್ ಎನ್ನುತ್ತದೆಯೇ? ಕಿಡಿ ತಡವಾಗಿ ಹಾರಿ ಅಷ್ಟರಲ್ಲಿ ಗ್ಯಾಸ್ ಕೂಡಿಕೊಂಡಿದೆ ಎಂದರ್ಥ, ಮೊದಲು ಸೆಲ್ಲು ಬದಲಿಸಿ. ನಳ ಮುಚ್ಚಿದ ಮೇಲೂ ಉರಿ ಆರದಿದ್ದರೆ ಡಯಾಫ್ರಮ್ ಪಿನ್ನು ಸಿಕ್ಕಿಕೊಂಡಿದೆ. ಎಲ್ಲಕ್ಕಿಂತ ಅಪಾಯದ್ದು ಇದು. ಗ್ಯಾಸ್ ಕಾಕ್ ಮುಚ್ಚಿ, ಸರಿಯಾಗುವವರೆಗೆ ಯಾರೂ ಮುಟ್ಟದಂತೆ ಹೇಳಿ.

ಫರ್ನೇಸಿನ ಸರಣಿ ಕೊಂಚ ಉದ್ದ. ಥರ್ಮೋಸ್ಟಾಟ್ ಕೇಳುತ್ತದೆ, ಹೊಗೆ ಎಳೆಯುವ ಫ್ಯಾನು ಶುರುವಾಗುತ್ತದೆ, ಹೊಗೆಕೊಳವೆ ಎಳೆಯುತ್ತಿದೆ ಎಂದು ಪ್ರೆಷರ್ ಸ್ವಿಚ್ ಖಾತ್ರಿ ಮಾಡುತ್ತದೆ, ಇಗ್ನೈಟರ್ ಕೆಂಪಗೆ ಕಾಯುತ್ತದೆ, ಗ್ಯಾಸ್ ವಾಲ್ವ್ ತೆರೆಯುತ್ತದೆ, ಸೆನ್ಸರ್ ಉರಿಯನ್ನು ಗುರುತಿಸುತ್ತದೆ, ಕೊನೆಗೆ ದೊಡ್ಡ ಬ್ಲೋವರ್ ತಿರುಗುತ್ತದೆ. ಒಂದು ಮಾತು ಗಮನಿಸಿ: ಹೊಗೆ ಹೊರಗೆ ಹೋಗುತ್ತದೆ ಎಂದು ಖಾತ್ರಿಯಾಗುವವರೆಗೆ ಆ ಯಂತ್ರ ಗ್ಯಾಸ್ ಬಿಡುವುದೇ ಇಲ್ಲ. ನಮ್ಮ ಕಡೆಯ ಸಾದಾ ಗೀಸರಿನಲ್ಲಿ ಆ ಕಾವಲು ಇಲ್ಲ. ಆ ಕಾವಲು ಕೆಲಸವನ್ನು ಫಿಟ್ಟಿಂಗ್ ಮಾಡುವವನೇ ಮಾಡಬೇಕು.

3. ಅಂದಾಜು ಬೇಡ, ನೀರಿನ ಕೊಳವೆಯಲ್ಲಿ ಅಳೆಯಿರಿ

ಮನೆಯ ರೆಗ್ಯುಲೇಟರ್ ಸುಮಾರು 30 ಮಿಲಿಬಾರ್ ಒತ್ತಡದಲ್ಲಿ ಗ್ಯಾಸ್ ಬಿಡಬೇಕು. ನೀರಿನ ಲೆಕ್ಕದಲ್ಲಿ ಸುಮಾರು 300 ಮಿಲಿಮೀಟರ್, ಒಂದು ಅಡಿ. ಇದನ್ನು ಅಳೆಯಲು ದುಬಾರಿ ಮೀಟರ್ ಬೇಕಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯನ್ನು ಇಂಗ್ಲಿಷ್ ಯು ಅಕ್ಷರದಂತೆ ಬಗ್ಗಿಸಿ ಹಲಗೆಗೆ ಕಟ್ಟಿ, ನಡುವೆ ಅಳತೆಪಟ್ಟಿ ಅಂಟಿಸಿ, ಬಣ್ಣದ ನೀರು ಅರ್ಧಕ್ಕೆ ತುಂಬಿ. ಒಂದು ತುದಿಯನ್ನು ಗ್ಯಾಸಿನ ಟೆಸ್ಟ್ ಬಾಯಿಗೆ ಸಿಕ್ಕಿಸಿದರೆ ಎರಡೂ ಕಡೆಯ ನೀರಿನ ಎತ್ತರದ ಅಂತರವೇ ಒತ್ತಡ.

ಕಲಿಯುವ ಪ್ರತಿಯೊಬ್ಬರೂ ಇದನ್ನು ಕೈಯಾರೆ ಮಾಡಲಿ, ಚೀಲದಲ್ಲಿಟ್ಟು ಓಡಾಡಲಿ. ಎರಡು ಸಲ ಅಳೆಯಬೇಕು: ಎಲ್ಲ ಆರಿಸಿದಾಗ ಒಮ್ಮೆ, ಗೀಸರು ಒಲೆ ಎಲ್ಲ ಉರಿಯುವಾಗ ಒಮ್ಮೆ. ಆರಿಸಿದಾಗ ಸರಿಯಿದ್ದು ಉರಿಯುವಾಗ ಕುಸಿದರೆ ರೆಗ್ಯುಲೇಟರ್ ಸೋತಿದೆ, ಇಲ್ಲವೇ ಪೈಪು ಸಣ್ಣದಾಯಿತು. ಇದನ್ನು ನೋಡದೆ, ಬರ್ನರಿಗೆ ಗ್ಯಾಸ್ ಬಿಡುವ ಜೆಟ್ಟಿನ ತೂತು ದೊಡ್ಡದು ಮಾಡುವವರಿದ್ದಾರೆ. ಜೆಟ್ಟಿಗೆ ಸೂಜಿ ಹಾಕಿ ಅಗಲ ಮಾಡಿದ ದಿನದಿಂದ ಆ ಬರ್ನರ್ ಹೊಗೆ ಕಾರುತ್ತದೆ. ಹಾಗೆ ಮಾಡುವ ಹುಡುಗನನ್ನು ಅಂಗಡಿಯಲ್ಲಿ ಇಟ್ಟುಕೊಳ್ಳಬೇಡಿ.

4. ಸೋಪಿನ ನೊರೆ, ಕಡ್ಡಿ ಗೀರುವಂತಿಲ್ಲ

ಸೋರಿಕೆ ನೋಡಲು ಬೆಂಕಿಕಡ್ಡಿ ಹಿಡಿಯುವುದು ಇನ್ನೂ ನಿಂತಿಲ್ಲ. ಗಾಳಿಯಲ್ಲಿ ಎಲ್‌ಪಿಜಿ ಶೇ 2 ಆದರೂ ಹೊತ್ತಿಕೊಳ್ಳುತ್ತದೆ. ಅದು ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ಕಟ್ಟೆಯ ಕೆಳಗೆ, ಮೋರಿಯ ಬಾಯಲ್ಲಿ ಕೂಡಿಕೊಳ್ಳುತ್ತದೆ. ಸೋಪಿನ ನೊರೆ ಹಚ್ಚಿ, ಪ್ರತಿ ಜೋಡಣೆಯಲ್ಲೂ ಗುಳ್ಳೆ ಏಳುತ್ತದೆಯೇ ನೋಡಿ. ವಾಸನೆ ಬಂದ ಮನೆಯಲ್ಲಿ ಸ್ವಿಚ್ ಹಾಕುವುದೂ ಇಲ್ಲ, ಆರಿಸುವುದೂ ಇಲ್ಲ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡುವುದು. ಈ ನಂಬರನ್ನು ಪ್ರತಿ ಗಿರಾಕಿಯ ಅಡುಗೆಮನೆಯ ಗೋಡೆ ಮೇಲೆ ಬರೆದು ಬನ್ನಿ.

5. ನೀರು ಯಾವುದು ಎಂದು ಕೇಳಿ

ಹೊಸಪೇಟೆಗೆ ತುಂಗಭದ್ರೆ ಪಕ್ಕದಲ್ಲೇ ಇದ್ದಾಳೆ. ಆದರೂ ಹೊಸ ಬಡಾವಣೆಯ ಎಷ್ಟೋ ಮನೆಗಳ ಟ್ಯಾಂಕಿಗೆ ಏರುವುದು ಬೋರಿನ ನೀರು. ಹೊಳೆ ನೀರಿನ ಮನೆಯಲ್ಲಿ ವರ್ಷಗಟ್ಟಲೆ ಸುಮ್ಮನೆ ನಡೆಯುವ ಗೀಸರ್ ಗಡಸು ನೀರಿನ ಮನೆಯಲ್ಲಿ ಬೇಗ ಸೊರಗುತ್ತದೆ. ತಾಮ್ರದ ಸುರುಳಿಯೊಳಗೆ ಬಿಳಿ ಸುಣ್ಣ ಕಟ್ಟಿ ದಾರಿ ಕಿರಿದಾಗುತ್ತದೆ, ಶಾಖ ನೀರಿಗೆ ಇಳಿಯುವುದಿಲ್ಲ. ನೀರು ಬಿಸಿಯಾಗುತ್ತಿಲ್ಲ ಎಂದು ಮನೆಯವರು ಉರಿ ಏರಿಸುತ್ತಾರೆ, ತಾಮ್ರ ಸುಟ್ಟು ಒಂದು ದಿನ ತೂತು ಬೀಳುತ್ತದೆ.

ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು ಬೆಚ್ಚಗಿನ ನೀರಲ್ಲಿ ಕರಗಿಸಿ, ಗೀಸರನ್ನು ಕಳಚಿ ಸುರುಳಿಯೊಳಗೆ ಹಾಯಿಸಿ ಸ್ವಲ್ಪ ಹೊತ್ತು ಬಿಟ್ಟರೆ ಸುಣ್ಣ ನೊರೆಯುತ್ತಾ ಬಿಡುತ್ತದೆ. ಆಮೇಲೆ ಒಳ್ಳೆಯ ನೀರಿನಿಂದ ಚೆನ್ನಾಗಿ ತೊಳೆಯಬೇಕು. ಕಕ್ಕಸು ತೊಳೆಯುವ ಆಸಿಡ್ ಹಾಕುವ ಅಡ್ಡದಾರಿ ಬೇಡ, ಅದು ಸುಣ್ಣದ ಜೊತೆ ತಾಮ್ರವನ್ನೂ ಬೆಸುಗೆಯನ್ನೂ ತಿನ್ನುತ್ತದೆ. ಬೋರಿನ ಮನೆಗೆ ವರ್ಷಕ್ಕೊಮ್ಮೆ, ಮಳೆಗಾಲ ಮುಗಿಯುವ ಹೊತ್ತಿಗೆ ಈ ಕೆಲಸ ಎಂದು ಗಿರಾಕಿಗೆ ಮೊದಲೇ ಹೇಳಿಬಿಡಿ.

6. ಸಂಡೂರಿನ ಧೂಳು ಬೇರೆ, ಕಂಪ್ಲಿಯ ಧೂಳು ಬೇರೆ

ಬರ್ನರ್ ಗಾಳಿ ಎಳೆಯುವಾಗ ಗಾಳಿಯಲ್ಲಿದ್ದದ್ದನ್ನೆಲ್ಲ ಎಳೆಯುತ್ತದೆ. ಅದಿರು ಲಾರಿ ಓಡಾಡುವ ಸಂಡೂರು, ತೋರಣಗಲ್ಲಿನ ರಸ್ತೆ ಬದಿಯ ಮನೆಗಳಲ್ಲಿ ಗೀಸರಿನ ಮುಚ್ಚಳ ತೆಗೆದರೆ ಕೆಂಪು ಪುಡಿ ಬರ್ನರಿನ ಸೀಳುಗಳಲ್ಲೂ ತಾಮ್ರದ ರೆಕ್ಕೆಗಳ ನಡುವೆಯೂ ಕೂತಿರುತ್ತದೆ. ರೆಕ್ಕೆಗಳ ಸಂದಿ ಮುಚ್ಚಿದರೆ ಸುಟ್ಟ ಗಾಳಿ ಮೇಲಕ್ಕೆ ಹೋಗಲಾರದೆ ಮುಂಭಾಗದಿಂದ ಹೊರಗೆ ನುಗ್ಗುತ್ತದೆ. ಮುಚ್ಚಳದ ಬಣ್ಣ ಸುಟ್ಟು ಕಂದಿದ್ದರೆ ಅದೇ ಗುರುತು. ಭತ್ತದ ನಾಡಾದ ಕಂಪ್ಲಿಯಲ್ಲಿ ಗಿರಣಿಯ ಹತ್ತಿರದ ಮನೆಗಳಿಗೆ ಹೊಟ್ಟಿನ ಧೂಳು ಬರುತ್ತದೆ. ಬಹಳ ದಿನ ಹಚ್ಚದೆ ಬಿಟ್ಟ ಬರ್ನರಿನ ಗಾಳಿಕೊಳವೆಯಲ್ಲಿ ಜೇಡ ಬಲೆ ಕಟ್ಟುವುದು ಎಲ್ಲ ಊರಲ್ಲೂ ಇದ್ದದ್ದೇ. ಮೆತ್ತಗಿನ ಬ್ರಷ್ಷು, ಸೈಕಲ್ ಪಂಪು ಸಾಕು. ತಂತಿ ಬ್ರಷ್ಷಿನಿಂದ ರೆಕ್ಕೆ ಉಜ್ಜಿ ಮುರಿಯುವುದು ಬೇಡ.

7. ಗೀಸರು ಬಚ್ಚಲ ಹೊರಗಿರಲಿ

ಫಿಟ್ಟಿಂಗಿಗೆ ಹೋದಾಗ ಮೊದಲು ಕೇಳಬೇಕಾದ್ದು ಇದನ್ನು ಹೊರಗೆ ಹಾಕಬಹುದೇ ಎಂದು. ಹಿತ್ತಲ ಗೋಡೆಗೋ ತೆರೆದ ಯುಟಿಲಿಟಿ ಜಾಗಕ್ಕೋ ಮಳೆ ಬೀಳದ ಕಡೆ ಕೂರಿಸಿ, ಬಿಸಿನೀರಿನ ಪೈಪು ಮಾತ್ರ ಒಳಗೆ ತಂದರೆ ಮೊದಲ ಸೂತ್ರದ ಲೆಕ್ಕವೇ ಬೇಕಾಗುವುದಿಲ್ಲ. ಪೈಪಿಗೆ ನಾಲ್ಕು ಮೀಟರ್ ಹೆಚ್ಚು ಖರ್ಚಾಗುತ್ತದೆ, ಆ ಖರ್ಚಿಗೆ ಗಿರಾಕಿಯನ್ನು ಒಪ್ಪಿಸುವುದೂ ಕೆಲಸದ ಭಾಗ. ಹೊರಗೆ ಜಾಗವೇ ಇಲ್ಲದಿದ್ದರೆ ಹೊಗೆಕೊಳವೆ ಇರುವ ಮಾದರಿ ತರಿಸಿ ಕೊಳವೆಯ ಬಾಯನ್ನು ಮನೆಯ ಹೊರಗೆ ಬಿಡಬೇಕು. ತಾರಸಿ ಕೆಳಗಿನ ಅಟ್ಟಕ್ಕೆ ಬಿಟ್ಟರೆ ಹೊರಗೆ ಬಿಟ್ಟಂತಲ್ಲ. ಇಷ್ಟಾದರೂ ಬಚ್ಚಲಿಗೆ ಎರಡು ಗವಾಕ್ಷಿ ಬೇಕು. ಸೋರಿದ ಗ್ಯಾಸ್ ಕೆಳಗಿನಿಂದ ಹೋಗಲಿ, ಸುಟ್ಟ ಬಿಸಿಗಾಳಿ ಮೇಲಿನಿಂದ ಹೋಗಲಿ.

ಉಳಿದದ್ದು ಚುಟುಕಾಗಿ. ರಬ್ಬರ್ ಪೈಪು ಐಎಸ್ 9573 ಗುರುತಿನ ಸುರಕ್ಷಾ ಪೈಪೇ ಆಗಿರಲಿ, ಒಂದೂವರೆ ಮೀಟರ್ ಮೀರದಿರಲಿ, 5 ವರ್ಷಕ್ಕೆ ಬದಲಾಗಲಿ. ರಬ್ಬರ್ ಪೈಪು ಕತ್ತರಿಸಿ ಟೀ ಹಾಕಿ ಒಂದೇ ಸಿಲಿಂಡರಿನಿಂದ ಒಲೆಗೂ ಗೀಸರಿಗೂ ಕೊಡುವುದನ್ನು ಎಲ್ಲಿ ಕಂಡರೂ ಕಿತ್ತುಹಾಕಿಸಿ. ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಬೇಕು, ಗುಂಡಿಯಲ್ಲಿ ಇಳಿಸಿಡಬಾರದು. ಟ್ಯಾಂಕಿನ ಎತ್ತರ ಕೇಳಲು ಮರೆಯಬೇಡಿ: 10 ಮೀಟರ್ ಎತ್ತರಕ್ಕೆ 1 ಬಾರ್ ಒತ್ತಡ. ಬಚ್ಚಲ ಮೇಲೆಯೇ ನಾಲ್ಕಡಿ ಎತ್ತರದಲ್ಲಿ ಟ್ಯಾಂಕು ಇರುವ ಒಂದಂತಸ್ತಿನ ಮನೆಯಲ್ಲಿ ಡಯಾಫ್ರಮ್ ಉಬ್ಬುವಷ್ಟು ಒತ್ತಡವೇ ಇರುವುದಿಲ್ಲ. ಆ ಮನೆಗೆ ಕಡಿಮೆ ಒತ್ತಡದಲ್ಲಿ ನಡೆಯುವ ಮಾದರಿ ಬೇಕು, ಇಲ್ಲವೇ ಟ್ಯಾಂಕು ಏರಿಸಬೇಕು. ಇದನ್ನು ಮೊದಲೇ ನೋಡದವರು ಹೊಸ ಗೀಸರನ್ನೇ ಕೆಟ್ಟದ್ದೆಂದು ವಾಪಸ್ ಕಳಿಸುತ್ತಾರೆ.

8. ಉರಿಯ ಬಣ್ಣ ಓದಿ

ನೀಲಿ ಉರಿ, ಗಟ್ಟಿ ತುದಿ ಇದ್ದರೆ ಸರಿ. ಹಳದಿ ತುದಿ ತೂಗಾಡಿದರೆ ಗಾಳಿ ಸಾಲದು. ಬರ್ನರ್ ಬಿಟ್ಟು ಮೇಲೆ ಹಾರಿದರೆ ಗಾಳಿಯೋ ಒತ್ತಡವೋ ಹೆಚ್ಚಾಯಿತು. ಪಾತ್ರೆಯ ತಳಕ್ಕೆ ಮಸಿ ಹಿಡಿಯುವ ಮನೆಯಲ್ಲಿ ಬರೀ ಗ್ಯಾಸ್ ದಂಡವಾಗುತ್ತಿಲ್ಲ, ಅಡುಗೆಯವರ ಉಸಿರೂ ಕೆಡುತ್ತಿದೆ.

ಪೈಪಿನಲ್ಲಿ ಬರುವ ಪಿಎನ್‌ಜಿ ಬೇರೆ ಗ್ಯಾಸು ಎಂಬುದನ್ನೂ ಈಗಲೇ ಕಲಿಸಿಬಿಡಿ. ಅದು ಗಾಳಿಗಿಂತ ಹಗುರ, ಸೋರಿದರೆ ಸೂರಿನ ಕೆಳಗೆ ಸೇರುತ್ತದೆ. ಮನೆಗೆ ಬರುವ ಒತ್ತಡವೂ ಎಲ್‌ಪಿಜಿಗಿಂತ ಕಡಿಮೆ, ಸುಮಾರು 21 ಮಿಲಿಬಾರ್, ಹಾಗಾಗಿ ಜೆಟ್ಟಿನ ತೂತು ದೊಡ್ಡದಿರಬೇಕು. ಎಲ್‌ಪಿಜಿ ಜೆಟ್ಟಿನ ಒಲೆಗೆ ಪಿಎನ್‌ಜಿ ಕೊಟ್ಟರೆ ಉರಿ ಮಿಣುಕುತ್ತದೆ. ಪಿಎನ್‌ಜಿ ಜೆಟ್ಟಿಗೆ ಎಲ್‌ಪಿಜಿ ಕೊಟ್ಟರೆ ಉರಿ ಎದ್ದು ಹಳದಿಯಾಗಿ ಮಸಿ ಕಾರುತ್ತದೆ. ಜೆಟ್ಟು ಬದಲಿಸಬಲ್ಲವರಿಗೆ ಪೈಪ್‌ಲೈನ್ ಬಂದ ಊರಲ್ಲೆಲ್ಲ ಕೆಲಸವಿದೆ.

9. ಹಂಪಿಯ ಹೋಂಸ್ಟೇಗೆ ಬೇರೆ ತಯಾರಿ

ಹಂಪಿ 1986ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಅಕ್ಟೋಬರಿನಿಂದ ಫೆಬ್ರುವರಿ ತನಕ ಕಮಲಾಪುರ, ಕಡ್ಡಿರಾಂಪುರ, ಹೊಳೆ ಆಚೆಯ ಆನೆಗೊಂದಿ ಕಡೆ ಕೋಣೆಗಳು ತುಂಬಿರುತ್ತವೆ. ಸೂರ್ಯೋದಯ ನೋಡಲು ಮಾತಂಗ ಬೆಟ್ಟ ಹತ್ತಿ ಬಂದವರೆಲ್ಲ ಎಂಟು ಗಂಟೆಗೆ ಒಟ್ಟಿಗೇ ಸ್ನಾನಕ್ಕೆ ನಿಲ್ಲುತ್ತಾರೆ. ಒಂದೇ ಸಿಲಿಂಡರಿಗೆ ಮೂರು ನಾಲ್ಕು ಗೀಸರ್ ಜೋಡಿಸಿದ್ದರೆ ಆ ಹೊತ್ತಿಗೆ ಸಿಲಿಂಡರಿನ ಮೈ ಬೆವೆತು ತಣ್ಣಗಾಗುತ್ತದೆ. ಒಳಗಿನ ದ್ರವ ಆವಿಯಾಗುವಾಗ ತನ್ನದೇ ಶಾಖ ಕಳೆದುಕೊಂಡು ಒತ್ತಡ ಬೀಳುತ್ತದೆ. ಗ್ಯಾಸ್ ಖಾಲಿ ಎಂದು ಮಾಲೀಕರು ಏಜೆನ್ಸಿಯವರೊಡನೆ ಜಗಳಕ್ಕೆ ನಿಲ್ಲುತ್ತಾರೆ, ಸಿಲಿಂಡರ್ ತೂಗಿದರೆ ಅರ್ಧ ಉಳಿದಿರುತ್ತದೆ. ಇಲ್ಲಿ ಬೇಕಾದ್ದು 19 ಕೆಜಿಯ ವಾಣಿಜ್ಯ ಸಿಲಿಂಡರುಗಳನ್ನು ಲೋಹದ ಪೈಪಿಗೆ ಸಾಲಾಗಿ ಜೋಡಿಸಿದ ವ್ಯವಸ್ಥೆ. ವ್ಯಾಪಾರಕ್ಕೆ ಮನೆಯ 14.2 ಕೆಜಿ ಸಿಲಿಂಡರ್ ಬಳಸುವುದು ಕಾನೂನಿಗೂ ವಿರುದ್ಧ. ಹೋಂಸ್ಟೇ ಮಾಲೀಕರ ಜೊತೆ ಸೆಪ್ಟೆಂಬರಿನಲ್ಲೇ ಕೂತು ಎಲ್ಲ ಕೋಣೆಗಳ ಸರ್ವಿಸ್ ಮುಗಿಸುವ ಒಪ್ಪಂದ ಮಾಡಿಕೊಳ್ಳಿ.

ಅತಿಥಿಗೆ ಈ ಯಂತ್ರ ಹೊಸದು ಎಂಬುದನ್ನು ನೆನಪಿಡಿ. ಗವಾಕ್ಷಿ ಮುಚ್ಚಬೇಡಿ, ಬಕೆಟ್ ತುಂಬಿಸಿ ನಳ ಬಂದ್ ಮಾಡಿ ಆಮೇಲೆ ಸ್ನಾನ ಮಾಡಿ ಎಂದು ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದು, ನೀರು ತಾಗದಂತೆ ಲ್ಯಾಮಿನೇಟ್ ಮಾಡಿಸಿ ಬಾಗಿಲ ಒಳಗೆ ಅಂಟಿಸಿ. ಹೊರಡುವ ಮೊದಲು ಮಾಡುವ ಈ ಕೆಲಸ ಕೆಲವೊಮ್ಮೆ ಇಡೀ ರಿಪೇರಿಗಿಂತ ದೊಡ್ಡದು.

10. ಮನೆಯವರ ಜೊತೆ ಮಾತಾಡಲು ಕಲಿಸಿ

ಬಾಗಿಲು ತೆಗೆಯುವವರು ಹೆಚ್ಚಾಗಿ ಹೆಂಗಸರು. ಅವರಿಗೇ ಯಂತ್ರದ ಚಾಳಿ ಗೊತ್ತಿರುವುದು. "ಅಕ್ಕಾ, ಯಾವಾಗಿಂದ ಹಿಂಗಾಗ್ತೈತಿ? ಮೊದಲ ಸಲ ಹತ್ತಲ್ಲೋ, ಹತ್ತಿ ಆರ್ತೈತೋ?" ಎಂದು ಕೇಳಿದರೆ ಅರ್ಧ ರಿಪೇರಿ ಅಲ್ಲೇ ಆಗುತ್ತದೆ. "ಟಕ್ ಟಕ್ ಅಂತೈತಪ್ಪ, ಹತ್ತಲ್ಲ" ಎಂದರೆ ಸೆಲ್ಲು ಬಿಚ್ಚುವ ಮೊದಲೇ ಎಲ್ಲಿ ನೋಡಬೇಕು ಎಂದು ನಿಮಗೆ ಗೊತ್ತು. ಇನ್ನೊಂದು ಪ್ರಶ್ನೆ ಬಿಡಲೇಬಾರದು: "ಸ್ನಾನ ಮಾಡಿ ಬಂದಮ್ಯಾಲೆ ಯಾರಿಗಾದ್ರೂ ತಲಿನೋವು, ತಲಿಸುತ್ತು ಆಗೈತೇನಕ್ಕಾ?" ಹೌದು ಎಂದರೆ ಬಂದ ಕೆಲಸ ಬಿಟ್ಟು ಗಾಳಿ ನೋಡಿ.

ಬದಲಿಸಿದ ಹಳೇ ಸಾಮಾನು ಅವರ ಕೈಗೇ ಕೊಡಿ. ಚೀಟಿಯಲ್ಲಿ ಸಾಮಾನಿನ ದರ ಬೇರೆ, ಕೂಲಿ ಬೇರೆ ಬರೆಯಿರಿ. ನಿಮ್ಮ ನೋಟ್‌ಬುಕ್ಕಿನಲ್ಲಿ ತಾರೀಕು, ಮಾದರಿ, ಅಳೆದ ಒತ್ತಡ, ಪೈಪಿನ ವರ್ಷ ಬರೆದಿಟ್ಟರೆ ಮುಂದಿನ ವರ್ಷ ನೀವೇ ಫೋನ್ ಮಾಡಿ ನೆನಪಿಸಬಹುದು. ಗ್ಯಾಸ್ ಮೆಕ್ಯಾನಿಕ್ಕಿನ ಸಂಸಾರ ನಡೆಯುವುದು ಹಾಗೆ ಮತ್ತೆ ಮತ್ತೆ ಕರೆಯುವ ಮನೆಗಳಿಂದ.

11. ಮೆಟ್ಟಿಲು ಕಟ್ಟಿ ಕಲಿಸಿ, ಬೇಸಿಗೆಯಲ್ಲೇ ಶುರು ಮಾಡಿ

ಕೆನಡಾದ ಒಂಟಾರಿಯೊದಲ್ಲಿ ಗ್ಯಾಸ್ ಕೆಲಸದವರಿಗೆ ಮೂರು ಹಂತದ ಲೈಸೆನ್ಸ್ ಇದೆ: ಜಿ3, ಜಿ2, ಜಿ1. ಜಿ3 ಇದ್ದವರು ಮೇಲಿನವರ ನಿಗಾದಲ್ಲೇ ಕೈ ಹಾಕಬೇಕು. ಬ್ರಿಟನ್ನಿನಲ್ಲಿ 2009ರ ಏಪ್ರಿಲಿನಿಂದ ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ ಹೆಸರಿಲ್ಲದವರು ದುಡ್ಡಿಗೆ ಮನೆಯ ಗ್ಯಾಸ್ ಉಪಕರಣ ಮುಟ್ಟುವಂತಿಲ್ಲ. ನಮ್ಮಲ್ಲಿ ಅಂಥ ಗಟ್ಟಿ ಕಟ್ಟಳೆ ಬರಲಿ ಎಂದು ನಾನು ಮನಸಾರೆ ಬಯಸುತ್ತೇನೆ. ಅಲ್ಲಿಯವರೆಗೆ ಅಂಗಡಿಯವರೇ ತಮ್ಮ ಮಟ್ಟಿಗೆ ಆ ಮೆಟ್ಟಿಲು ಕಟ್ಟಿಕೊಳ್ಳಬಹುದು. ಮೊದಲ ಹಂತದಲ್ಲಿ ಅಳತೆ, ಸೋಪಿನ ಪರೀಕ್ಷೆ, ಒಲೆಯ ಬರ್ನರ್ ಮತ್ತು ಕಾಕ್ ತೊಳೆದು ಗ್ರೀಸು ಹಾಕುವುದು. ಎರಡನೆಯದರಲ್ಲಿ ಮೇಸ್ತ್ರಿ ಪಕ್ಕದಲ್ಲಿದ್ದು ಗೀಸರ್ ರಿಪೇರಿ. ಸರಣಿಯನ್ನು ಬಾಯಲ್ಲಿ ಹೇಳಿ, ಬೇಕೆಂದೇ ಇಟ್ಟ ಐದು ದೋಷ ಹುಡುಕಿ, ಗಾಳಿಯ ಲೆಕ್ಕ ಬರೆದು ತೋರಿಸಿದ ಮೇಲೆ ಒಬ್ಬರೇ ಫಿಟ್ಟಿಂಗಿಗೆ. ಕಲಿಯಲು ಹಳೇ ಗುಜರಿ ಗೀಸರು ಸಾಕು. ಮುಚ್ಚಳ ತೆಗೆದು ಅಂಗಳದ ಹಲಗೆಗೆ ಬಿಗಿದು, ಸೆಲ್ಲು ಉಲ್ಟಾ ಹಾಕಿ, ಜಾಲರಿಗೆ ಮರಳು ತುಂಬಿ, ಸೆನ್ಸರ್ ಕಡ್ಡಿ ಬಗ್ಗಿಸಿ ಹುಡುಕಲು ಬಿಡಿ.

ಐಟಿಐ ಮುಗಿಸಿದವರನ್ನು 1961ರ ಅಪ್ರೆಂಟಿಸ್ ಕಾಯಿದೆಯಡಿ ಸ್ಟೈಪೆಂಡ್ ಕೊಟ್ಟು ತೆಗೆದುಕೊಳ್ಳಲು ಅರ್ಹವಾದ ದೊಡ್ಡ ಸಂಸ್ಥೆಗಳು ಈ ಸೀಮೆಯಲ್ಲಿವೆ, ಆ ದಾರಿ ಹುಡುಗರಿಗೆ ತಿಳಿಸಿ. ಹುಡುಗಿಯರನ್ನು ಕರೆಯಿರಿ. ಗಂಡಸರು ಗಣಿಗೋ ಕಾರ್ಖಾನೆಗೋ ಹೋದ ಹಗಲು ಹೊತ್ತಿನಲ್ಲಿ ಮನೆಯೊಳಗೆ ಬಿಟ್ಟುಕೊಳ್ಳಲು ಹೆಣ್ಣುಮಕ್ಕಳಿಗೆ ಹೆಣ್ಣು ಮೆಕ್ಯಾನಿಕ್ಕೇ ಸಲೀಸು. ಈ ಕೆಲಸದಲ್ಲಿ ತೋಳಬಲಕ್ಕಿಂತ ಕಿವಿ, ಕಣ್ಣು, ತಾಳ್ಮೆ ಹೆಚ್ಚು ನಡೆಯುತ್ತದೆ.

ಇಲ್ಲ ಎನ್ನುವುದನ್ನೂ ಕಲಿಸಬೇಕು. ಕಿಟಕಿಯಿಲ್ಲದ ಬಚ್ಚಲು, ಹೊಗೆಕೊಳವೆಗೆ ದಾರಿಯಿಲ್ಲ, ಹೊರಗೆ ಜಾಗವಿಲ್ಲ ಎಂದಾಗ "ಅಣ್ಣಾ, ಇಲ್ಲಿ ಗ್ಯಾಸ್ ಗೀಸರ್ ಬ್ಯಾಡ, ಕರೆಂಟಿಂದೋ ಸೋಲಾರೋ ಹಾಕಿಸ್ರಿ" ಎಂದು ಹೇಳಿ ಎದ್ದು ಬರುವ ಧೈರ್ಯ ಹುಡುಗನಿಗೆ ಇರಬೇಕಾದರೆ, ಆ ದಿನದ ಕೂಲಿ ಹೋಯಿತೆಂದು ಮೇಸ್ತ್ರಿ ಬೈಯಬಾರದು. ಆ ಕೂಲಿಯನ್ನು ಮೇಸ್ತ್ರಿಯೇ ಕೊಡಲಿ.

ಯಾರಾದರೂ ಬಚ್ಚಲಲ್ಲಿ ಕುಸಿದರೆ ಏನು ಮಾಡಬೇಕು ಎಂಬುದನ್ನು ಎಲ್ಲರಿಂದಲೂ ಮಾಡಿಸಿ ನೋಡಿ: ಉಸಿರು ಬಿಗಿಹಿಡಿದು ಬಾಗಿಲು ಮುರಿ, ಗ್ಯಾಸ್ ಬಂದ್ ಮಾಡು, ಬಿದ್ದವರನ್ನು ಬಯಲಿಗೆ ಎಳೆ, 108ಕ್ಕೆ ಫೋನ್ ಮಾಡು, ಗ್ಯಾಸ್ ಗೀಸರ್ ಉರಿಯುತ್ತಿತ್ತು ಎಂದು ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳು. ಕಾರಣ ಗೊತ್ತಾದರೆ ಆಮ್ಲಜನಕ ಕೂಡಲೇ ಶುರುವಾಗುತ್ತದೆ.

ಚಳಿ ಬಂದ ಮೇಲೆ ಕಲಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ. ಮೇ ತಿಂಗಳಲ್ಲಿ ಬಚ್ಚಲು ಅಳೆಯಲು ಕಳಿಸಿ. ಆಷಾಢ, ಶ್ರಾವಣದಲ್ಲಿ ಗುಜರಿ ಗೀಸರಿನ ಮೇಲೆ ಕೈ ಪಳಗಲಿ. ಗಣೇಶನ ಹಬ್ಬ ಕಳೆದ ಮೇಲೆ ಹೋಂಸ್ಟೇ ಸರ್ವಿಸಿಗೆ ಮೇಸ್ತ್ರಿಯ ಜೊತೆ ಹೋಗಲಿ. ದೀಪಾವಳಿಗೆ ಮೊದಲ ಚಳಿ ಬೀಳುವಾಗ ಸೋಪಿನ ಡಬ್ಬಿ, ನೀರಿನ ಕೊಳವೆ, ಎರಡು ಜೊತೆ ದಪ್ಪ ಸೆಲ್ಲು, ಡಯಾಫ್ರಮ್ಮು, ಮೈಕ್ರೊಸ್ವಿಚ್ಚು ಚೀಲದಲ್ಲಿಟ್ಟುಕೊಂಡು ಕಂಪ್ಲಿಗೆ ಒಬ್ಬರು, ಸಂಡೂರಿಗೆ ಒಬ್ಬರು ಬಸ್ ಹತ್ತಬಹುದು.